ಓದು ಅರ್ಧಕ್ಕೆ ನಿಂತವರಿಗೆ ಕಸುಬಿನ ದಾರಿ: ಎಲ್ಲಿ ಕಲಿಯಬೇಕು, ಹೇಗೆ ಶುರು ಮಾಡಬೇಕು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟು ಮೂರ್ನಾಲ್ಕು ವರ್ಷ ಆಗಿರುತ್ತದೆ. ಇಲ್ಲವೇ ಪಿಯುಸಿಗೆ ಸೇರಿ, ಮನೆ ಕಷ್ಟಕ್ಕೆ ಅರ್ಧಕ್ಕೇ ಬಿಟ್ಟಿರುತ್ತೀರಿ. ಈಗ ವಯಸ್ಸು ಇಪ್ಪತ್ತು, ಇಪ್ಪತ್ತೆರಡು. ಕರೆದ ದಿನ ಕೂಲಿ, ಕರೆಯದ ದಿನ ಊರ ಕಟ್ಟೆ. ಹೆಣ್ಣುಮಕ್ಕಳಾದರೆ ಮದುವೆ ಮಾತು ಶುರುವಾಗಿರುತ್ತದೆ. ಇಂಥವರಿಗೆ "ಯಾವುದಾದರೂ ಟ್ರೈನಿಂಗ್ ತಗೋ" ಅಂತ ಹೇಳುವವರು ಜಾಸ್ತಿ. ಯಾವುದು, ಎಲ್ಲಿ, ಆಮೇಲೇನು ಅಂತ ಬಿಡಿಸಿ ಹೇಳುವವರು ಕಡಿಮೆ.

ನಿಜ ಹೇಳಬೇಕೆಂದರೆ ಕರ್ನಾಟಕದಲ್ಲಿ ತರಬೇತಿಗೆ ಬರ ಇಲ್ಲ. ಸರ್ಟಿಫಿಕೇಟಿಗಂತೂ ಇಲ್ಲವೇ ಇಲ್ಲ. ಬಹಳ ಜನ ಸೋಲುವುದು ತರಬೇತಿಗೆ ಹೋಗುವ ಹಿಂದಿನ ತಿಂಗಳಲ್ಲಿ ಮತ್ತು ಮುಗಿಸಿ ಬಂದ ಮೇಲಿನ ಆರು ತಿಂಗಳಲ್ಲಿ. ಹಾಗಾಗಿ ಇಲ್ಲಿ ಆ ಎರಡರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

1. ಅರ್ಜಿ ಹಾಕುವ ಮೊದಲು ಊರು ಸುತ್ತಿ

"ಯಾವ ಕೋರ್ಸ್ ಒಳ್ಳೇದು?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಇಲ್ಲ. ನಿಮ್ಮ ಊರು ಮತ್ತು ಸುತ್ತಲಿನ ನಾಲ್ಕೈದು ಹಳ್ಳಿಗಳಲ್ಲಿ ಜನ ಯಾವ ಕೆಲಸಕ್ಕೆ ಪೇಟೆಗೆ ಹೋಗುತ್ತಾರೆ, ಯಾವುದಕ್ಕೆ ಕಾಯುತ್ತಾರೆ ಅಂತ ನೋಡಿ.

ಒಂದು ನೋಟ್‌ಬುಕ್ ತಗೊಂಡು ಒಂದು ವಾರ ಓಡಾಡಿ. ಎಷ್ಟು ಬೋರ್‌ವೆಲ್ ಪಂಪುಗಳಿವೆ? ಸುಟ್ಟರೆ ಮೋಟಾರ್ ಎಲ್ಲಿಗೆ ಹೋಗುತ್ತದೆ, ವಾಪಸ್ ಬರಲು ಎಷ್ಟು ದಿನ? ಬೈಕ್ ರಿಪೇರಿಗೆ ಎಷ್ಟು ದೂರ? ಹೊಸ ಮನೆ ಎಷ್ಟು ಏಳುತ್ತಿವೆ, ಟೈಲ್ಸ್ ಹಾಕಲು ಯಾರು ಬರುತ್ತಾರೆ? ಶಾಲೆ ಯೂನಿಫಾರಂ ಯಾರು ಹೊಲಿಯುತ್ತಾರೆ? ಮದುವೆ ಮನೆಗೆ ಅಲಂಕಾರಕ್ಕೆ ಬರುವವರು ಯಾವ ಊರಿನವರು? ಪ್ರತಿ ಕೆಲಸದ ಮುಂದೆ ಮೂರು ವಿಷಯ ಬರೆದುಕೊಳ್ಳಿ: ಈಗ ಯಾರು ಮಾಡುತ್ತಿದ್ದಾರೆ, ಎಷ್ಟು ತಗೋತಾರೆ, ಯಾವ ತಿಂಗಳಲ್ಲಿ ಕೆಲಸ ಜಾಸ್ತಿ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಚಿತ್ರದುರ್ಗ, ತುಮಕೂರು, ಕೋಲಾರದಂಥ ಬೋರ್‌ವೆಲ್ ನಂಬಿದ ಕಡೆ ಫೆಬ್ರವರಿಯಿಂದ ಮೇ ತನಕ ವೈಂಡಿಂಗ್ ಅಂಗಡಿಯವರಿಗೆ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವರಿಗೆ, ಊಟಕ್ಕೂ ಪುರುಸೊತ್ತು ಇರುವುದಿಲ್ಲ. ನೀರು ಕೆಳಗೆ ಹೋಗಿರುತ್ತದೆ, ವೋಲ್ಟೇಜ್ ಕಡಿಮೆ, ಪಂಪು ಸಾಲಾಗಿ ಸುಡುತ್ತವೆ. ಮಳೆ ಹಿಡಿದ ಮೇಲೆ ಅದೇ ಅಂಗಡಿ ಖಾಲಿ. ಅಂದರೆ ಈ ಕೆಲಸ ಕಲಿಯಲು ಮಳೆಗಾಲ ಸರಿಯಾದ ಕಾಲ. ಬೇಸಿಗೆ ಬರುವಷ್ಟರಲ್ಲಿ ಕೈ ಪಳಗಿರಬೇಕು.

ಹೊಲಿಗೆ ಬಗ್ಗೆ ಒಂದು ಮಾತು. ಹೆಣ್ಣುಮಕ್ಕಳು ಬಂದರೆ ಸಾಕು, ಎಲ್ಲ ಕಡೆ ಟೈಲರಿಂಗ್‌ಗೇ ಸೇರಿಸಿಬಿಡುತ್ತಾರೆ. ಇದು ನನಗೆ ಇಷ್ಟವಿಲ್ಲದ ಸಂಗತಿ. ಒಂದೇ ಬೀದಿಯಲ್ಲಿ ನಾಲ್ಕು ಮೆಷಿನ್ ಇದ್ದರೆ ಐದನೆಯದಕ್ಕೆ ಬಟ್ಟೆ ಎಲ್ಲಿಂದ ಬರಬೇಕು? ಹೊಲಿಗೆಯೇ ಬೇಕೆಂದರೆ ಬೇರೆಯವರು ಮಾಡದ್ದನ್ನು ಹಿಡಿಯಿರಿ: ಲೈನಿಂಗ್ ಬ್ಲೌಸ್, ಆರಿ ವರ್ಕ್, ಫಾಲ್ ಮತ್ತು ಪಿಕೋ, ಶಾಲೆಗಳ ಯೂನಿಫಾರಂ ಆರ್ಡರು. ಇಲ್ಲದಿದ್ದರೆ ಮೊಬೈಲ್ ರಿಪೇರಿ, ಫೋಟೋ ಮತ್ತು ವಿಡಿಯೋ, ಸಿಸಿಟಿವಿ ಜೋಡಣೆ, ಬೇಕರಿ ತಿಂಡಿ ಇವೆಲ್ಲ ಹೆಣ್ಣುಮಕ್ಕಳಿಗೂ ಇವೆ. ಹಳ್ಳಿಯ ಹೆಂಗಸರು ತಮ್ಮ ಫೋನನ್ನು ಗಂಡಸರ ಅಂಗಡಿಯಲ್ಲಿ ಬಿಟ್ಟು ಬರಲು ಹಿಂಜರಿಯುತ್ತಾರೆ. ಫೋನ್ ರಿಪೇರಿ ಕಲಿತ ಹುಡುಗಿಗೆ ಗಿರಾಕಿ ಅಲ್ಲೇ ಇದ್ದಾರೆ, ಅಲ್ವಾ?

2. ಎಲ್ಲಿ ಕಲಿಯುವುದು

ಹಣ ಇಲ್ಲದವರು ಮೊದಲು ವಿಚಾರಿಸಬೇಕಾದ್ದು ರುಡ್‌ಸೆಟ್ ಅಥವಾ ಆರ್‌ಸೆಟಿ, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಸಂಸ್ಥೆಗಳು. ಇದು ನಮ್ಮ ನೆಲದಲ್ಲೇ ಹುಟ್ಟಿದ ವ್ಯವಸ್ಥೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ಶುರು ಮಾಡಿದ್ದು. ಅದು ಫಲ ಕೊಟ್ಟಿದ್ದನ್ನು ನೋಡಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಅದೇ ಮಾದರಿಯಲ್ಲಿ ಜಿಲ್ಲೆಗೊಂದರಂತೆ ಆರ್‌ಸೆಟಿ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಉಜಿರೆ, ಬ್ರಹ್ಮಾವರ, ಧಾರವಾಡ, ಚಿತ್ರದುರ್ಗ, ಮೈಸೂರು, ವಿಜಯಪುರ, ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಇದೆ. ಬೇರೆ ಜಿಲ್ಲೆಗಳಲ್ಲಿ ಒಂದಲ್ಲ ಒಂದು ಬ್ಯಾಂಕಿನ ಆರ್‌ಸೆಟಿ ಸಿಗುತ್ತದೆ.

ಇಲ್ಲಿ ಪಾಠ, ಊಟ, ವಸತಿ ಮೂರೂ ಉಚಿತ. ಸಾಮಾನ್ಯವಾಗಿ 18ರಿಂದ 45 ವರ್ಷದವರನ್ನು ತಗೋತಾರೆ. ಬಡ ಗ್ರಾಮೀಣ ಕುಟುಂಬಗಳಿಗೆ ಮೊದಲ ಆದ್ಯತೆ, ಹಾಗಾಗಿ ರೇಷನ್ ಕಾರ್ಡ್ ಜೊತೆಗಿರಲಿ. ಹೈನುಗಾರಿಕೆ, ಅಣಬೆ, ಜೇನಿನಂಥವು ಹತ್ತು ದಿನದ ಆಸುಪಾಸು. ಮೊಬೈಲ್, ಟೈಲರಿಂಗ್, ಮೋಟಾರ್ ರಿವೈಂಡಿಂಗ್, ಬೈಕ್ ರಿಪೇರಿ ಸುಮಾರು ಒಂದು ತಿಂಗಳು. ನನಗೆ ಇದರಲ್ಲಿ ಹಿಡಿಸುವ ಅಂಶ ಬೇರೆಯದು: ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ನಿಮ್ಮ ಸಂಪರ್ಕದಲ್ಲಿರುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಈ ಎರಡು ವರ್ಷವನ್ನು ಉಪಯೋಗಿಸಿಕೊಳ್ಳುವವರು ಮಾತ್ರ ಕಡಿಮೆ.

ಊರು ಬಿಟ್ಟು ಹೋಗಲಾಗದ ಹೆಂಗಸರಿಗೆ ಜನ ಶಿಕ್ಷಣ ಸಂಸ್ಥಾನ ಚೆನ್ನಾಗಿ ಹೊಂದುತ್ತದೆ. 15ರಿಂದ 45 ವರ್ಷದ, ಓದು ಬಾರದ ಅಥವಾ ಓದು ಬಿಟ್ಟವರಿಗೆಂದೇ ಇರುವುದು. ತರಬೇತಿಯನ್ನೇ ಹಳ್ಳಿಗೆ, ಬಡಾವಣೆಗೆ ತರುತ್ತಾರೆ. ದೂರದ ಕೇಂದ್ರಕ್ಕೆ ದಿನಾ ಹೋಗಿಬರುವುದಾದರೂ ಈಗ ಬಸ್ ಚಾರ್ಜು ಅಡ್ಡಿಯಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ.

ಸ್ವಂತ ಕೆಲಸ ಬೇಡ, ಸಂಬಳದ ಕೆಲಸ ಬೇಕು ಅನ್ನುವವರಿಗೆ ಐಟಿಐ. ಹತ್ತನೇ ತರಗತಿ ಪಾಸಾಗಿಲ್ಲ ಅಂತ ಸುಮ್ನೆ ಕೂರಬೇಡಿ. ವೆಲ್ಡರ್, ವೈರ್‌ಮನ್, ಕಾರ್ಪೆಂಟರ್‌ನಂಥ ಕೆಲವು ಟ್ರೇಡುಗಳಿಗೆ ಎಂಟನೇ ತರಗತಿ ಸಾಕು. ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಹತ್ತನೇದು ಬೇಕು, ಎರಡು ವರ್ಷ ಹಿಡಿಯುತ್ತದೆ. ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಿ, ಅಂದರೆ ಕಾರ್ಖಾನೆಯಲ್ಲೇ ಕೆಲಸ ಕಲಿಯುವವರಾಗಿ ಸೇರಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ಬೆಂಗಳೂರಿನ ಎಚ್‌ಎಎಲ್, ಸಾರಿಗೆ ನಿಗಮಗಳು ಅಪ್ರೆಂಟಿಸ್‌ಗಳನ್ನು ತಗೋತವೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು.

ಈಗಾಗಲೇ ಗಾರೆ, ಬಡಗಿ, ಕುಲುಮೆ ಕೆಲಸ ಗೊತ್ತಿರುವವರು ಮತ್ತೆ ಮೊದಲಿನಿಂದ ಕಲಿಯಬೇಕಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ಇದೆ. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ ತನಕ ವೋಚರ್, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನ ಸಾಲ ಒಂದು ಲಕ್ಷದವರೆಗೆ.

ಅರ್ಜಿ ತುಂಬಲು ಸೈಬರ್ ಸೆಂಟರಿಗೆ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ ಅಂದರೆ ಈಗಿನ ಅರಿವು ಕೇಂದ್ರ. ಬಹಳ ಕಡೆ ಅಲ್ಲಿ ಕಂಪ್ಯೂಟರ್ ಇದೆ.

3. ಉಚಿತ ತರಬೇತಿಗೂ ಖರ್ಚಿದೆ

ತರಬೇತಿ ಬಿಟ್ಟು ಓಡಿಹೋದರು ಅಂತ ಹುಡುಗರನ್ನು ಬೈಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬೈಯಲು ಬಾಯಿ ಬರುವುದಿಲ್ಲ. ದಿನಕ್ಕೆ 500 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ. ತಿಂಗಳಲ್ಲಿ 20 ದಿನ ಕೆಲಸ ಸಿಕ್ಕರೂ 10,000 ರೂಪಾಯಿ. ತರಬೇತಿಗೆ ಹೋದ ತಿಂಗಳು ಅಷ್ಟೂ ಮನೆಗೆ ಬರುವುದಿಲ್ಲ. ಹದಿನೈದನೇ ದಿನಕ್ಕೆ ಅಮ್ಮನ ಫೋನ್ ಬರುತ್ತದೆ: ಸಂಘದ ಕಂತು ಕಟ್ಟಬೇಕು, ವಾಪಸ್ ಬಾ.

ಅದಕ್ಕೇ ಹೋಗುವ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ಸುಗ್ಗಿ, ಕಾಫಿ ಕೊಯ್ಲು, ಕಬ್ಬು ಕಡಿಯುವ ಕಾಲ ಬಿಟ್ಟು ಕೆಲಸ ಕಡಿಮೆ ಇರುವ ತಿಂಗಳ ಬ್ಯಾಚ್ ಕೇಳಿ. ಎರಡು ತಿಂಗಳು ಮುಂಚೆಯೇ ಸ್ವಲ್ಪ ಸ್ವಲ್ಪ ತೆಗೆದಿಡಿ. ಸ್ವಸಹಾಯ ಸಂಘದಲ್ಲಿ ಅಮ್ಮ ಇದ್ದರೆ ಆ ತಿಂಗಳ ಕಂತಿಗೆ ಏನು ದಾರಿ ಅಂತ ಮೊದಲೇ ಕೇಳಿಡಲಿ. ಚಿಕ್ಕ ಮಗು ಇರುವ ತಾಯಂದಿರು ವಸತಿ ತರಬೇತಿಗಿಂತ ಹತ್ತಿರದ ಹಗಲಿನ ಬ್ಯಾಚ್ ಹುಡುಕುವುದು ಮೇಲು.

ಇನ್ನೊಂದು ಎಚ್ಚರಿಕೆ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಡೆಪಾಸಿಟ್ ಕೇಳುವವರಿಂದ ದೂರ ಇರಿ. ಉಚಿತ ಅಂತ ಸರ್ಕಾರ ಹೇಳಿರುವ ತರಬೇತಿಗೆ ಮಧ್ಯದವರು ದುಡ್ಡು ಕೇಳಿದರೆ ಕೊಡಬೇಡಿ. ಯಾರಿಗೂ ಮೂಲ ಮಾರ್ಕ್ಸ್ ಕಾರ್ಡ್ ಬಿಟ್ಟು ಬರಬೇಡಿ. ನೋಡಲು ಕೊಡಿ, ಜೆರಾಕ್ಸ್ ಕೊಡಿ, ಮೂಲ ಪ್ರತಿ ಮಾತ್ರ ಅಂದೇ ವಾಪಸ್ ತಗೊಳ್ಳಿ. ಅದನ್ನು ಇಟ್ಟುಕೊಂಡು ಕೆಲಸ ಬಿಡದಂತೆ ಕಟ್ಟಿಹಾಕುವವರಿದ್ದಾರೆ.

4. ತರಬೇತಿಯಲ್ಲಿ ಏನನ್ನು ಹಿಡಿದುಕೊಳ್ಳಬೇಕು

ಮೂವತ್ತು ದಿನದಲ್ಲಿ ಯಾರೂ ಮೇಸ್ತ್ರಿ ಆಗುವುದಿಲ್ಲ. ಆ ದಿನಗಳಲ್ಲಿ ಕೆಲಸದ ಕ್ರಮ ಕೈಗೆ ಕೂರಬೇಕು, ಅಷ್ಟೇ. ಮೋಟಾರ್ ರಿವೈಂಡಿಂಗ್ ತಗೊಳ್ಳಿ. ಹೊಸಬರು ಸುಟ್ಟ ಮೋಟಾರ್ ಕಂಡ ಕೂಡಲೇ ತಂತಿ ಕಿತ್ತು ಹಾಕುತ್ತಾರೆ. ಅನುಭವಸ್ಥರು ಮೊದಲು ಕಾಗದ ತಗೋತಾರೆ. ಒಳಗೆ ತಂತಿ ಕೂರುವ ಸ್ಲಾಟ್ ಎಷ್ಟು, ಒಂದು ಕಾಯಿಲ್ ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಮೂರು ಗುಂಪಿನ ಕಾಯಿಲ್‌ಗಳ ಜೋಡಣೆ ಸ್ಟಾರೋ (ಒಂದೇ ಕಡೆ ಸೇರಿದ್ದು) ಡೆಲ್ಟಾವೋ (ತ್ರಿಕೋನದಂತೆ ಸೇರಿದ್ದು), ಎಲ್ಲ ಚಿತ್ರ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಕಾಯಿಲ್ ಕತ್ತರಿಸಿ ಎಳೆ ಎಣಿಸುತ್ತಾರೆ. ತಂತಿಯ ಮೇಲಿನ ಲೇಪ ತೆಗೆದು ಗೇಜ್ ಅಳೆಯುತ್ತಾರೆ. ಎಳೆ ಲೆಕ್ಕ ತಪ್ಪಿದರೆ ಮೋಟಾರ್ ತಿರುಗುತ್ತದೆ, ಆದರೆ ಬಿಸಿಯಾಗಿ ಮತ್ತೆ ಸುಡುತ್ತದೆ.

ಸುಟ್ಟ ಗುರುತನ್ನು ಓದುವುದೂ ಕಲಿಯಬೇಕು. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಮೂರು ಗುಂಪಿನ ಕಾಯಿಲ್‌ಗಳಲ್ಲಿ ಎರಡು ಕರಕಲಾಗಿ ಒಂದು ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ, ಲೈನಿನಲ್ಲಿ ಒಂದು ಫೇಸ್ ಹೋಗಿತ್ತು ಅಂತ ಅರ್ಥ. ಬರೀ ವೈಂಡಿಂಗ್ ಮಾಡಿ ಕಳಿಸಿದರೆ ರೈತ ಮುಂದಿನ ತಿಂಗಳು ಮತ್ತೆ ಬರುತ್ತಾನೆ, ಬೈದುಕೊಂಡು ಬರುತ್ತಾನೆ. "ಅಣ್ಣಾ, ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ, ಒಂದು ಫೇಸ್ ಹೋದರೆ ಮೋಟಾರ್ ತಾನಾಗಿ ನಿಲ್ಲುತ್ತೆ" ಅಂತ ಕಾರಣ ತೋರಿಸಿ ಹೇಳಿದವನ ಅಂಗಡಿಗೆ ಅವನು ನಾಲ್ಕು ಜನರನ್ನು ಕಳಿಸುತ್ತಾನೆ.

ಬೇರೆ ಕಸುಬುಗಳಲ್ಲೂ ಇಂಥ ಜಾಗಗಳಿವೆ. ಬ್ಲೌಸಿನಲ್ಲಿ ಕಂಕುಳ ಹತ್ತಿರ ಸುಕ್ಕು ಬೀಳಬಾರದು. ಟೈಲ್ಸಿನಲ್ಲಿ ಬಚ್ಚಲಿನ ನೀರು ಜಾಲಿ ಕಡೆಗೇ ಹರಿಯಬೇಕು. ತರಬೇತಿಯ ಮೊದಲ ವಾರವೇ ಗುರುಗಳನ್ನು ಕೇಳಿ: "ಸಾರ್, ಈ ಕೆಲಸದಲ್ಲಿ ಗಿರಾಕಿ ಜಗಳ ತೆಗೆಯೋದು ಎಲ್ಲಿ?" ಅವರು ತೋರಿಸಿದ ಜಾಗವನ್ನು ಹತ್ತು ಸಲ ಮಾಡಿ ನೋಡಿ.

ಅಳತೆ, ಲೆಕ್ಕ ಬಾರದಿದ್ದರೆ ನಾಚಿಕೆ ಬೇಡ. ಟೇಪಿನ ಇಂಚು, ಸೂತು (ಇಂಚಿನ ಎಂಟನೇ ಒಂದು ಭಾಗ) ಓದಲು, ಕಾಲು ಮುಕ್ಕಾಲು ಕೂಡಿಸಲು ಪಕ್ಕದ ಸೀಟಿನವರಿಂದ ಕಲಿತುಕೊಳ್ಳಿ. ಶಾಲೆಯಲ್ಲಿ ತಲೆಗೆ ಹತ್ತದ ಭಿನ್ನರಾಶಿ, ಬಟ್ಟೆ ಕತ್ತರಿಸುವಾಗ ಎಷ್ಟೋ ಜನರಿಗೆ ತಾನಾಗಿ ಹತ್ತಿದೆ.

ಆರ್‌ಸೆಟಿಯಲ್ಲಿ ಕೆಲವು ದಿನ ಮಾರುಕಟ್ಟೆ ಸಮೀಕ್ಷೆ, ಲೆಕ್ಕ ಬರೆಯುವುದು, ಬ್ಯಾಂಕ್ ವ್ಯವಹಾರ, ಪ್ರಾಜೆಕ್ಟ್ ರಿಪೋರ್ಟ್ (ಸಾಲಕ್ಕೆ ಬ್ಯಾಂಕಿಗೆ ಕೊಡುವ ಖರ್ಚು, ಆದಾಯದ ಅಂದಾಜು) ಹೇಳಿಕೊಡುತ್ತಾರೆ. ಹುಡುಗರು ಆಗ ತೂಕಡಿಸುತ್ತಾರೆ. ನನ್ನ ಕೇಳಿದರೆ ಆ ದಿನಗಳೇ ಮುಖ್ಯ. ಕೈಕೆಲಸವನ್ನು ಆಮೇಲೆ ಯಾವ ಅಂಗಡಿಯಲ್ಲಾದರೂ ಕಲಿಯಬಹುದು, ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಅಂಗಡಿ ಮಾಲೀಕ ಕಲಿಸುವುದಿಲ್ಲ.

5. ಜೊತೆಗೇ ಹತ್ತನೇ ತರಗತಿ ಮುಗಿಸಿ

"ಕಸುಬು ಬಂತಲ್ಲ, ಇನ್ನು ಓದು ಯಾಕೆ?" ಯಾಕೆಂದರೆ ಆ ಒಂದು ಮಾರ್ಕ್ಸ್ ಕಾರ್ಡ್ ಇಲ್ಲದೆ ಎಷ್ಟೋ ಬಾಗಿಲು ತೆರೆಯುವುದಿಲ್ಲ. ವಿದ್ಯುತ್ ಕಂಪನಿಗಳ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಬೇಕು. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಕರಾವಳಿಯ ಹುಡುಗರಿಗೆ ಇದು ಇನ್ನೂ ಮುಖ್ಯ. ಹತ್ತನೇ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ತಾಪತ್ರಯ ಇರುವುದಿಲ್ಲ. ಪಾಸಾಗದವರು ಅಂಥ ಹಲವು ದೇಶಗಳಿಗೆ ಹೋಗುವ ಮೊದಲು ಅದನ್ನು ಪಡೆಯಲೇಬೇಕು.

ಒಂದೆರಡು ವಿಷಯ ಮಾತ್ರ ಉಳಿದಿದ್ದರೆ ರಾಜ್ಯ ಮಂಡಳಿಯ ಪರೀಕ್ಷೆಗೇ ಮತ್ತೆ ಕಟ್ಟಿ. ಹಳೆಯ ಶಾಲೆಗೆ ಹೋಗಿ ಕೇಳಿದರೆ ದಾರಿ ಹೇಳುತ್ತಾರೆ. ಶಾಲೆ ಮುಖವೇ ನೋಡದವರು, ಮಧ್ಯದಲ್ಲೇ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು.

ಇನ್ನೊಂದು ದಾರಿ ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. 1989ರಲ್ಲಿ ಶುರುವಾದದ್ದು. 14 ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಐದು ವಿಷಯ ಪಾಸಾಗಬೇಕು, ಒಂದೊಂದಾಗಿ ಮುಗಿಸಲು ಐದು ವರ್ಷ ಸಮಯ ಸಿಗುತ್ತದೆ. ಹಿಂದೆ ಪಾಸಾದ ಎರಡು ವಿಷಯದ ಅಂಕಗಳನ್ನು ವರ್ಗಾಯಿಸಿಕೊಳ್ಳಲೂ ಅವಕಾಶ ಇದೆ. ಗಣಿತ ಕಡ್ಡಾಯ ಅಲ್ಲ. ಗಣಿತಕ್ಕೇ ಓದು ನಿಂತವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಎಡವಬೇಡಿ: ಮುಂದೆ ಡಿಪ್ಲೊಮಾ ಅಥವಾ ಫಿಟ್ಟರ್, ಎಲೆಕ್ಟ್ರಿಷಿಯನ್ ಟ್ರೇಡ್ ಮಾಡುವ ಆಸೆ ಇದ್ದರೆ ಗಣಿತ, ವಿಜ್ಞಾನ ಬಿಡಲೇಬೇಡಿ. ನಿಮ್ಮ ಹತ್ತಿರದ ಕೇಂದ್ರದಲ್ಲಿ ಕನ್ನಡದಲ್ಲಿ ಯಾವ ಯಾವ ವಿಷಯ ಸಿಗುತ್ತವೆ ಅನ್ನುವುದನ್ನು ಫೀಸು ಕಟ್ಟುವ ಮೊದಲೇ ಕೇಳಿ.

6. ಮೊದಲ ಆರು ತಿಂಗಳು

ಸರ್ಟಿಫಿಕೇಟ್ ಬಂದ ಮರುದಿನವೇ ಅಂಗಡಿ ಇಡಬೇಡಿ. ಪಕ್ಕದ ಪೇಟೆಯ ಒಳ್ಳೆ ಅಂಗಡಿಯಲ್ಲಿ ನಾಲ್ಕರಿಂದ ಆರು ತಿಂಗಳು ಹೆಲ್ಪರ್ ಆಗಿ ಸೇರಿ. ಪಗಾರ ಕಡಿಮೆ ಇರುತ್ತದೆ. ಆದರೆ ಸಾಮಾನು ಎಲ್ಲಿಂದ ತರುತ್ತಾರೆ, ಯಾರಿಗೆ ಉದ್ರಿ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ, ಒಂದು ಕೆಲಸಕ್ಕೆ ರೇಟು ಹೇಗೆ ಹೇಳುತ್ತಾರೆ ಎಲ್ಲ ಕಣ್ಣ ಮುಂದೆ ನಡೆಯುತ್ತದೆ. ಬೋರ್‌ವೆಲ್ ಒಳಗಿಳಿಯುವ ನೀರು ತುಂಬಿದ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ, ಮೇಲೆ ಕೂರುವ ಮೋಟಾರಿಗೆ ಎನಾಮಲ್ ತಂತಿ. ಯಾವ ಕಂಪನಿಯ ತಂತಿ ಬಾಳಿಕೆ ಬರುತ್ತದೆ ಅನ್ನುವುದು ಪುಸ್ತಕದಲ್ಲಿ ಸಿಗುವುದಿಲ್ಲ.

ಇದೇ ಸಮಯದಲ್ಲಿ ಸಂಜೆ, ರಜಾ ದಿನ ಊರಲ್ಲಿ ಸಣ್ಣ ಕೆಲಸ ಹಿಡಿಯಿರಿ. ನೆಂಟರಿಗೆ ಪುಕ್ಕಟೆ ಮಾಡಿಕೊಡಬೇಡಿ, ಸಾಮಾನಿನ ದುಡ್ಡನ್ನಾದರೂ ತಗೊಳ್ಳಿ. ಒಂದು ಸಲ ಪುಕ್ಕಟೆ ಅಂತಾದರೆ ಇಡೀ ಬೀದಿಗೆ ನೀವು ಪುಕ್ಕಟೆಯೇ.

ವೈರಿಂಗ್ ಕೆಲಸ ಮಾಡುವವರು ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಿ. ಮನೆ ಕಟ್ಟುವ ಕೆಲಸದಲ್ಲಿರುವ ಟೈಲ್ಸ್, ಪ್ಲಂಬಿಂಗ್, ಪೇಂಟಿಂಗ್‌ನವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು.

7. ಸಾಲ: ಕೊನೆಗೆ, ಅಳೆದು

ಮೊದಲ ಮೆಷಿನ್‌ಗೆ ಮೈಕ್ರೋ ಫೈನಾನ್ಸ್‌ನ ವಾರದ ಕಂತಿನ ಸಾಲ ಮಾಡಬೇಡಿ. ಅಂಗಡಿಗೆ ಗಿರಾಕಿ ಬರಲು ತಿಂಗಳುಗಟ್ಟಲೆ ಬೇಕು, ಕಂತು ಮಾತ್ರ ಮುಂದಿನ ಸೋಮವಾರವೇ ಬರುತ್ತದೆ. ಕಂತಿಗೆ ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ಕರ್ನಾಟಕದಲ್ಲಿ ಈ ಕಾಟ ಎಷ್ಟಾಯಿತೆಂದರೆ ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಬ್ಯಾಂಕಿಗೆ ಹೋಗಿ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿ ತನಕ, ಅಡಮಾನ ಬೇಕಿಲ್ಲ. ಒಂದು ಹೊಲಿಗೆ ಮೆಷಿನ್, ಪಿಕೋ ಮೆಷಿನ್, ಇಲ್ಲವೇ ಮೊಬೈಲ್ ರಿಪೇರಿಯ ಟೂಲ್‌ಗಳಿಗೆ ಅಷ್ಟು ಸಾಕಾಗಬಹುದು. ತರಬೇತಿ ಸರ್ಟಿಫಿಕೇಟ್, ಆಧಾರ್, ಪ್ಯಾನ್, ಯಂತ್ರದ ಕೊಟೇಶನ್, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ ಪತ್ರ) ತಗೊಂಡು ಹೋಗಿ. ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಸಾವಿರ ಕೇಳುವವರನ್ನು ನಂಬಬೇಡಿ. ಬ್ಯಾಂಕಿನಲ್ಲಿ "ನಾಳೆ ಬಾ" ಅಂದರೆ ಆರ್‌ಸೆಟಿಗೆ ಫೋನ್ ಮಾಡಿ. ಅದು ಬ್ಯಾಂಕಿನವರೇ ನಡೆಸುವ ಸಂಸ್ಥೆ, ಅವರ ಒಂದು ಮಾತಿಗೆ ಬೆಲೆ ಇದೆ.

ದೊಡ್ಡದಾಗಿ ಮಾಡುವವರಿಗೆ ಪಿಎಂಇಜಿಪಿ ಇದೆ, ಅಂದರೆ ಸ್ವಂತ ಘಟಕ ಹಾಕಲು ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರಿಗೆ ಶೇ 35, ಉಳಿದವರಿಗೆ ಶೇ 25 ಸಬ್ಸಿಡಿ. ಬಹಳ ಜನ ಇಲ್ಲಿ ಮೋಸ ಹೋದಂತೆ ಒದ್ದಾಡುತ್ತಾರೆ: ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅಲ್ಲಿಯವರೆಗೆ ಕಂತು ನೀವೇ ಕಟ್ಟಬೇಕು. "ಸಬ್ಸಿಡಿ ಕೊಡಿಸ್ತೀನಿ, ನನಗಿಷ್ಟು ಕೊಡು" ಅನ್ನುವವರಿಗೆ ಈ ನಿಯಮ ಚೆನ್ನಾಗಿ ಗೊತ್ತು, ಹೇಳುವುದಿಲ್ಲ ಅಷ್ಟೇ.

ಎಷ್ಟು ಸಾಲ ಮಾಡಬಹುದು? ಹೆಲ್ಪರ್ ಆಗಿದ್ದಾಗ ಊರಲ್ಲಿ ಹಿಡಿದ ಸಣ್ಣ ಕೆಲಸಗಳ ಲೆಕ್ಕ ತೆಗೆಯಿರಿ. ಸಾಮಾನಿನ ಖರ್ಚು ಕಳೆದು ತಿಂಗಳಿಗೆ ಕೈಯಲ್ಲಿ ಎಷ್ಟು ಉಳಿದಿತ್ತು ನೋಡಿ. ಬ್ಯಾಂಕಿನ ತಿಂಗಳ ಕಂತು ಅದರ ಮೂರನೇ ಒಂದು ಭಾಗ ದಾಟದಿರಲಿ. ದಾಟುತ್ತಿದ್ದರೆ ಹೊಸ ಮೆಷಿನ್ ಬದಲು ಹಳೆಯದೊಂದನ್ನು ಕೊಂಡು ಶುರು ಮಾಡಿ. ಅಂಗಡಿ ಬಾಡಿಗೆಯೂ ಬೇಡ, ಮನೆಯ ಪಡಸಾಲೆ ಸಾಕು. ಒಂದು ಬೋರ್ಡು ಮಾತ್ರ ರಸ್ತೆಗೆ ಕಾಣುವಂತೆ, ಫೋನ್ ನಂಬರ್ ದೊಡ್ಡದಾಗಿ ಬರೆಸಿ ಹಾಕಿ.